ತುರಹಳ್ಳಿ ಕಾಡಿಗೆ ಹೋಗುವವರಿಗೆ ಒಂದಿಷ್ಟು ಸಲಹೆ

ಈ ಭಾನುವಾರ ಬೆಂಗಳೂರಿನ ದಕ್ಷಿಣ ಅಂಚಿನ ಬಂಡೆಗುಡ್ಡದ ಕಾಡು ತುರಹಳ್ಳಿಗೆ ಹೋಗೋಣ ಅಂತ ಕೆಲವರು ಕೇಳುತ್ತಿದ್ದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಕಾರು ಬೇಡ. ಮೆಟ್ರೋ ಹಸಿರು ಮಾರ್ಗದಲ್ಲಿ ವಾಜರಹಳ್ಳಿಯಲ್ಲಿ ಇಳಿದು ಆಟೋ ಹಿಡಿಯಿರಿ. ಬಿಸಿಲು ಏರುವ ಮೊದಲೇ ಹೋಗಿ. ಬಂಡೆ ಕಾದರೆ ನಡೆಯೋದು ಕಷ್ಟ.

ಚಪ್ಪಲಿ ಮಾತ್ರ ಹಾಕಿಕೊಳ್ಳಬೇಡಿ. ಕಳೆದ ಮಳೆಗಾಲದಲ್ಲಿ ನಾನು ಧೈರ್ಯ ಮಾಡಿ ಚಪ್ಪಲಿಯಲ್ಲೇ ಹತ್ತಿದೆ, ಇಳಿಯುವಾಗ ಕೂತುಕೊಂಡೇ ಜಾರಿಕೊಂಡು ಬಂದೆ! ಒಳ್ಳೆ ಹಿಡಿತ ಇರುವ ಶೂ ಬೇಕು. ಬಂಡೆಗಳ ತಗ್ಗಿನಲ್ಲಿ ಮಳೆನೀರು ನಿಂತು ಪುಟ್ಟ ಹೊಂಡಗಳಾಗಿರುತ್ತವೆ. ನೋಡಲು ಚಂದ, ಆದರೆ ಅಂಚಿನಲ್ಲಿ ಪಾಚಿ. ಮಕ್ಕಳ ಕೈ ಬಿಡಬೇಡಿ. ಸೋಪು, ಬಿಸ್ಕತ್ತು ಯಾವುದನ್ನೂ ನೀರಿಗೆ ಹಾಕಬೇಡಿ, ಕಪ್ಪೆಗಳು ಮೊಟ್ಟೆ ಇಡೋದು ಇಂಥ ನೀರಲ್ಲೇ.

ಉದ್ದ ಪ್ಯಾಂಟು ಹಾಕಿ, ಹುಲ್ಲಲ್ಲಿ ರಕ್ತ ಹೀರುವ ಉಣ್ಣಿಗಳು ಹತ್ತುತ್ತವೆ. ಮನೆಗೆ ಬಂದ ಮೇಲೆ ಕಾಲು, ಸಾಕ್ಸ್ ಒಮ್ಮೆ ನೋಡಿಕೊಳ್ಳಿ. ನೀರು ಮನೆಯಿಂದಲೇ ತನ್ನಿ, ಖಾಲಿ ಬಾಟಲಿ ವಾಪಸ್ ಒಯ್ಯಿರಿ.

ಈ ಭಾಗದಲ್ಲಿ ಚಿರತೆ ಕಂಡ ಸುದ್ದಿ ಆಗಾಗ ಬರುತ್ತದೆ. ಹೆದರಬೇಕಿಲ್ಲ, ಆದರೆ ಮುಸ್ಸಂಜೆಗೆ ಒಬ್ಬೊಬ್ಬರೇ ಹೋಗಬೇಡಿ. ನಾಯಿಯನ್ನಂತೂ ಕರೆದೊಯ್ಯಲೇಬೇಡಿ. ನವಿಲು ಕಂಡರೆ ಸುಮ್ನೆ ನಿಂತು ನೋಡಿ, ಬ್ಲೂಟೂತ್ ಸ್ಪೀಕರ್ ಬೇಕಾ ಅಲ್ಲಿ?

2021ರಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆಗೆ ಜನ ವಿರೋಧಿಸಿದ್ದು ನೆನಪಿದೆ ಅಲ್ವಾ? ಅದು ಕಾಡಾಗಿಯೇ ಇರಲಿ ಅಂತ. ಹೊರಡುವ ಮುನ್ನ ಗೇಟಿನ ಸಮಯ ವಿಚಾರಿಸಿಕೊಳ್ಳಿ.