ಎಚ್‌ಒಡಿ ಆದ ಮೇಲೆ ನಾನು ಮೊದಲು ಹಿಡಿದ ಕೆಲಸಗಳು

ಸರ್ಕಾರಿ ಮೆಡಿಕಲ್ ಕಾಲೇಜಿನ ಜನರಲ್ ಮೆಡಿಸಿನ್ ವಿಭಾಗಕ್ಕೆ ನಾನು ಎಚ್‌ಒಡಿ (ವಿಭಾಗದ ಮುಖ್ಯಸ್ಥೆ) ಆದಾಗ ಎಲ್ಲರ ಪ್ರಶ್ನೆ ಒಂದೇ: "ಮೇಡಂ, ಹೊಸದಾಗಿ ಏನು ತರ್ತೀರಿ?" ಎಂಡೋಸ್ಕೋಪಿ, ಎಕೋ ಮೆಷಿನ್ ಅಂತ ಪಟ್ಟಿ ಬರೆಯೋದು ಸುಲಭ. ಆದರೆ ಎಚ್‌ಒಡಿ ಕೈಯಲ್ಲಿ ನಿಜವಾಗಿ ಏನಿದೆ ಹೇಳಿ? ದುಡ್ಡು ಡೀನ್ ಕಚೇರಿಯಲ್ಲಿ, ಔಷಧ ಸೂಪರಿಂಟೆಂಡೆಂಟ್ ಸಹಿಯಲ್ಲಿ. ನಮಗೆ ಉಳಿಯೋದು ಡ್ಯೂಟಿ ಚಾರ್ಟ್, ಪಾಠದ ಟೈಮ್ ಟೇಬಲ್, ಥೀಸಿಸ್ ವಿಷಯ. ನಾನು ಅಲ್ಲಿಂದಲೇ ಶುರು ಮಾಡಿದೆ.

ಮೊದಲು ಹಿಡಿದದ್ದು ಬೆಳಗಿನ ಎಂಟು ಗಂಟೆ. ರಾತ್ರಿ ಡ್ಯೂಟಿಯ ಪೀಜಿ (ಎಂಡಿ ಓದುತ್ತಲೇ ಡ್ಯೂಟಿ ಮಾಡುವ ಡಾಕ್ಟರ್) ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಹಾಕಿ ಹೋಗಿಬಿಡುತ್ತಿದ್ದರು. ಅದರ ಬದಲು ರಾತ್ರಿಯವರು, ಹಗಲಿನವರು, ಡ್ಯೂಟಿ ಸಿಸ್ಟರ್, ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್ ಎಲ್ಲರೂ ಬೆಡ್ ಪಕ್ಕದಲ್ಲೇ ನಿಂತು ಕೇಸ್ ಒಪ್ಪಿಸುವುದು ಅಂತ ಮಾಡಿದೆವು. ಎಲ್ಲ ಕೇಸೂ ಅಲ್ಲ. ಸೀರಿಯಸ್ ಇರುವವರು, ರಾತ್ರಿ ಏನಾದರೂ ಬದಲಾದವರು, ಅಷ್ಟೇ. ಫೈನಲ್ ಇಯರ್ ಎಂಬಿಬಿಎಸ್ ಮಕ್ಕಳನ್ನೂ ಜೊತೆಗೆ ನಿಲ್ಲಿಸಿಕೊಂಡೆವು. ಅವರು ಕಲಿತದ್ದನ್ನು ಬರೆದಿಡುವ ಲಾಗ್‌ಬುಕ್ ತುಂಬಿಸಲು ಬೇರೆ ಕ್ಲಾಸ್ ಹುಡುಕುವುದು ತಪ್ಪಿತು.

ಹೀಗೆ ಒಪ್ಪಿಸುವಾಗ ಒಂದು ದಿನ ಹಾವು ಕಚ್ಚಿದ ಕೇಸ್ ಬಂತು. ಕಚ್ಚಿದ ಜಾಗದಲ್ಲಿ ಊತ ಇಲ್ಲ, ಎಲ್ಲೂ ರಕ್ತ ಸೋರುತ್ತಿಲ್ಲ. ಆದರೂ ರಕ್ತವನ್ನು ಟ್ಯೂಬ್‌ನಲ್ಲಿ ಹಾಕಿಟ್ಟು ನೋಡುವ 20 ನಿಮಿಷದ ಟೆಸ್ಟ್‌ನಲ್ಲಿ ರಕ್ತ ಹೆಪ್ಪುಗಟ್ಟಲಿಲ್ಲ ಅಂತ 10 ವಯಲ್ (ಸಣ್ಣ ಬಾಟಲಿ) ಆ್ಯಂಟಿವೆನಮ್, ಅಂದರೆ ಹಾವಿನ ವಿಷದ ಮದ್ದು, ಹಾಕಿದ್ದರು. ಅದಕ್ಕೂ ಮೊದಲು ಲ್ಯಾಬ್‌ಗೆ ಕಳಿಸಿದ್ದ ಐಎನ್‌ಆರ್ (ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಿದೆಯೇ ಎಂದು ಹೇಳುವ ಟೆಸ್ಟ್) ನೋಡಿದರೆ ನಾರ್ಮಲ್! ಪೀಜಿ ತಲೆ ಕೆರೆದುಕೊಂಡ. ಸಿಸ್ಟರ್ ಮೆಲ್ಲಗೆ ಹೇಳಿದರು: "ಮೇಡಂ, ಗಾಜಿನ ಟ್ಯೂಬ್ ಖಾಲಿಯಾಗಿ ತುಂಬಾ ದಿನ ಆಯ್ತು. ಪ್ಲಾಸ್ಟಿಕ್‌ದೇ ಹಾಕ್ತಿದ್ದಾರೆ."

ಈ ಟೆಸ್ಟ್‌ಗೆ ಹೊಸದಾದ, ಒಣಗಿದ ಗಾಜಿನ ಟ್ಯೂಬೇ ಬೇಕು. ಗಾಜು ತಾಗಿದರೆ ರಕ್ತ ಹೆಪ್ಪುಗಟ್ಟಲು ಶುರುವಾಗುತ್ತದೆ. ಪ್ಲಾಸ್ಟಿಕ್‌ನಲ್ಲಿ, ಇಲ್ಲವೇ ಸೋಪು ಹಾಕಿ ತೊಳೆದ ಗಾಜಿನಲ್ಲಿ ಒಳ್ಳೆಯ ರಕ್ತವೂ ನೀರಾಗಿಯೇ ಉಳಿಯಬಹುದು. ಜುಜುಬಿ ಟ್ಯೂಬ್ ಇಲ್ಲದೆ ದುಬಾರಿ ಔಷಧ ಖರ್ಚು, ಮೇಲೆ ರಿಯಾಕ್ಷನ್ ಭಯ ಬೇರೆ. ಅವತ್ತೇ ಗಾಜಿನ ಟ್ಯೂಬ್ ತರಿಸಿದೆವು. "2 ಎಂಎಲ್ ರಕ್ತ, 20 ನಿಮಿಷ ಅಲ್ಲಾಡಿಸಬೇಡಿ, ಆಮೇಲೆ ಒಂದೇ ಸಲ ಬಾಗಿಸಿ ನೋಡಿ" ಅಂತ ಬರೆದು ಕ್ಯಾಷುಯಲ್ಟಿ ಗೋಡೆಗೆ ಅಂಟಿಸಿದೆವು.

ಥೀಸಿಸ್ ದಾರಿಯೂ ಅಲ್ಲಿಂದಲೇ ಬದಲಾಯಿತು. ಸೀನಿಯರ್ ಮಾಡಿದ ವಿಷಯಕ್ಕೇ ಹೆಸರು ಬದಲಿಸಿ ಸಿನಾಪ್ಸಿಸ್ (ಥೀಸಿಸ್‌ನ ಮುನ್ನೋಟ) ಕೊಡುವ ಚಾಳಿ ಎಲ್ಲ ಕಡೆ ಇದೆ ಅಲ್ವಾ? ವಾರ್ಡಿನಲ್ಲಿ ನೀವೇ ಕೇಳಿದ ಪ್ರಶ್ನೆ ತನ್ನಿ ಅಂದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿತು. ಹೇಗೂ ರಿಜಿಸ್ಟರ್ ಇಡಲೇಬೇಕಲ್ಲ, ಒಬ್ಬ ಪೀಜಿ ಅದನ್ನೇ ಥೀಸಿಸ್‌ಗೆ ಎತ್ತಿಕೊಂಡಳು. ನಮ್ಮ ಆ್ಯಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ಮಾಡಿದ್ದು. ಪಶ್ಚಿಮ ಘಟ್ಟದ ತೋಟಗಳಲ್ಲಿ ಕಚ್ಚುವ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಘಟ್ಟದ ಕಡೆಯಿಂದ ಬರುವ ರೋಗಿಗಳಲ್ಲಿ ಎಷ್ಟು ಮಂದಿಗೆ ಸುಮ್ನೆ ವಯಲ್ ಹೋಗುತ್ತಿದೆ ಅನ್ನೋದು ಅವಳ ಪ್ರಶ್ನೆ.

ಕಷ್ಟ ಆಗಿದ್ದು ಡ್ಯೂಟಿ ಚಾರ್ಟ್. ಪೀಜಿಗಳಂಥ ರೆಸಿಡೆಂಟ್ ಡಾಕ್ಟರ್‌ಗಳಿಗೆ ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆಗಿಂತ ಜಾಸ್ತಿ ಡ್ಯೂಟಿ ಬೇಡ ಅಂತ ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ವೈದ್ಯಕೀಯ ಶಿಕ್ಷಣ ನೋಡಿಕೊಳ್ಳುವ ಎನ್‌ಎಂಸಿಯ 2023ರ ನಿಯಮದಲ್ಲಿ ವಾರಕ್ಕೊಂದು ರಜೆಯೂ ಇದೆ. ವಿಭಾಗದೊಳಗಿನ ತಂಡಗಳ, ಅಂದರೆ ಯೂನಿಟ್‌ಗಳ, ಚೀಫ್‌ಗಳು ಮಾತ್ರ, "ನಾವೆಲ್ಲ ಮೂವತ್ತಾರು ಗಂಟೆ ನಿಂತೇ ಕಲಿತದ್ದಲ್ವಾ ಮೇಡಂ?" ಅಂದರು. ಅವರ ಮಾತಿನಲ್ಲೂ ಹುರುಳಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಜಿಲ್ಲಾ ರೆಸಿಡೆನ್ಸಿಗೆ ಅಂತ ಪೀಜಿಗಳು ಮೂರು ತಿಂಗಳು ಹೊರಗೆ ಹೋದರೆ ಇರುವವರ ಮೇಲೇ ಭಾರ. ಕೊನೆಗೆ ಎರಡೆರಡು ಯೂನಿಟ್‌ಗಳ ರಾತ್ರಿ ಡ್ಯೂಟಿ ಒಟ್ಟು ಮಾಡಿ, ರಾತ್ರಿ ಮಾಡಿದವರು ಕೇಸ್ ಒಪ್ಪಿಸಿದ ಮೇಲೆ ಮನೆಗೆ ಹೋಗಲಿ ಅಂತ ಬರೆದೆ. ಪಕ್ಕದ ಯೂನಿಟ್‌ನ ರೋಗಿಯನ್ನು ನಾವ್ಯಾಕೆ ನೋಡಬೇಕು ಅನ್ನುವ ಗೊಣಗಾಟ ಸ್ವಲ್ಪ ದಿನ ನಡೆಯಿತು. ವಾರದ ರಜೆ ಒಂದು ಯೂನಿಟ್‌ನಲ್ಲಿ ಇನ್ನೂ ಕಾಗದದ ಮೇಲೇ ಇದೆ. ಹೊಸ ಬ್ಯಾಚ್ ಸೇರಿದ ಮೇಲೆ ಆ ಚೀಫ್ ಜೊತೆ ಮತ್ತೆ ಕೂತು ಮಾತಾಡಬೇಕು.