ಪಿಕಪ್‌ಗೆ ಪುಲ್ಲಿಂಗ್ ಇಲ್ಲವೇ? ಪಂಪ್ ಬಿಚ್ಚಿಸುವ ಮೊದಲು ಹೋಸ್ ನೋಡಿ

ಅಡಿಕೆ ಮೂಟೆ ಹೇರಿಕೊಂಡು ಪೊಸಡಿಗುಂಪೆ ಕಡೆಯ ಏರನ್ನು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಪಿಕಪ್ ಈಗ ಎರಡಕ್ಕಿಳಿಸಿದರೂ ಎಳೆಯುತ್ತಿಲ್ಲವೆಂದರೆ, ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ಮೊದಲು ಕೇಳಿಬರುವ ಮಾತು ‘ಪಂಪ್ ಹೋಗಿರಬೇಕು’ ಎಂಬುದು. ಡೀಸೆಲ್ ಪಂಪ್, ಡೀಸೆಲನ್ನು ಎಂಜಿನ್ನಿನೊಳಗೆ ಚಿಮ್ಮಿಸುವ ಇಂಜೆಕ್ಟರುಗಳನ್ನು ಬಿಚ್ಚಿ ಮಂಗಳೂರಿಗೆ ಕಳುಹಿಸಿ, ಸಾವಿರಾರು ರೂಪಾಯಿ ತೆತ್ತ ಮೇಲೆ, ಒಡೆದದ್ದು ಒಂದು ರಬ್ಬರ್ ಹೋಸ್ ಮಾತ್ರವೆಂದು ಗೊತ್ತಾದವರು ನನಗೆ ತಿಳಿದಂತೆ ಒಬ್ಬಿಬ್ಬರಲ್ಲ. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ಕಳಿಸುವ ಭಾಗ) ಇರುವ ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಹೋಗುವ) ಡೀಸೆಲ್ ಪಿಕಪ್‌ಗಳಲ್ಲಿ ದೋಷವನ್ನು ಅಗ್ಗದ ಕಡೆಯಿಂದ ಹುಡುಕುತ್ತ ಬರಬೇಕು. ದುಬಾರಿ ಭಾಗಗಳ ಸರದಿ ಕೊನೆಯದು.

ಮೊದಲನೆಯದಾಗಿ, ಸೋತದ್ದು ಎಂಜಿನ್ನೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಬಳಿ ಮುಟ್ಟದೆ ಕೈ ಹಿಡಿದಾಗ ಒಂದು ಮಾತ್ರ ಕಾವು ಹೊಡೆಯುತ್ತಿದ್ದರೆ ಬ್ರೇಕ್ ಜಾಮ್ ಆಗಿದೆ.

ಅನಂತರ ಹೊಗೆಯನ್ನು ನೋಡಿ. ಕಪ್ಪು ಹೊಗೆ ಬಂದರೆ ಡೀಸೆಲಿಗೆ ತಕ್ಕ ಗಾಳಿ ಒಳಗೆ ಹೋಗುತ್ತಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಅಥವಾ ಕೂಲೆಂಟ್ ಒಳಗೆ ಸೇರುತ್ತಿದೆ. ಹೊಗೆಯೇ ಇಲ್ಲದೆ ಎಳೆತ ಮಾತ್ರ ಕಡಿಮೆಯಾಗಿದ್ದರೆ ಡೀಸೆಲ್ ಫಿಲ್ಟರನ್ನು ಮೊದಲು ಅನುಮಾನಿಸಿ.

ಕೆಂಪುಕಲ್ಲಿನ ಕೋರೆಗಳಿಗೆ ಹೋಗಿಬರುವ ಗಾಡಿಯ ಏರ್ ಫಿಲ್ಟರನ್ನು ಕಂಪನಿ ಹೇಳಿದ ಕಿಲೋಮೀಟರಿಗೆ ಕಾಯದೆ ಬೇಸಿಗೆಯಲ್ಲಿ ಆಗಾಗ ತೆಗೆದು ನೋಡಬೇಕು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಹೊರಗಿನಿಂದ ಗಾಳಿ ಹೊಡೆದರೆ ಧೂಳು ಇನ್ನಷ್ಟು ಒಳಗೆ ಕೂರುತ್ತದೆ. ಡೀಸೆಲ್ ಫಿಲ್ಟರಿನ ತಳದ ಡ್ರೈನ್ ಸಡಿಲಿಸಿ, ಬಂದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದಿಟ್ಟರೆ, ನೀರಿದ್ದಲ್ಲಿ ಸ್ವಲ್ಪ ಹೊತ್ತಿನಲ್ಲೇ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ನಮ್ಮ ಮಳೆಗಾಲದಲ್ಲಿ ಇದನ್ನು ತಪ್ಪಿಸಲೇಬಾರದು. ಹಳೆಯ ಎಂಜಿನ್‌ಗಳಲ್ಲಿ ಮಾಡುತ್ತಿದ್ದಂತೆ ಏರ್ ಲಾಕ್ (ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ) ತೆಗೆಯಲು ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುವುದು ಇಲ್ಲಿ ಅಪಾಯ: ಕಾಮನ್ ರೈಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮವನ್ನೇ ತೂರಿಹೋಗುತ್ತದೆ. ‘ಪುಲ್ಲಿಂಗ್ ಹೆಚ್ಚಿಸುವ’ ಬಾಟಲಿ ದ್ರವಗಳಿಗೆ ದುಡ್ಡು ಸುರಿಯಬೇಡಿ. ಸೀಮೆಎಣ್ಣೆ ಬೆರೆಸುವುದಂತೂ ಬೇಡವೇ ಬೇಡ. ಡೀಸೆಲಿನ ಜಿಡ್ಡು ಕಡಿಮೆಯಾಗಿ ಪಂಪ್ ಸವೆಯುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಟರ್ಬೊ ಒತ್ತಿದ ಗಾಳಿ ಒಂದು ಹೋಸ್ ಮೂಲಕ ಅದನ್ನು ತಣಿಸುವ ಇಂಟರ್‌ಕೂಲರಿಗೂ, ಅಲ್ಲಿಂದ ಇನ್ನೊಂದರ ಮೂಲಕ ಎಂಜಿನ್ನಿಗೂ ಹೋಗುತ್ತದೆ. ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ ಈ ಹೋಸ್‌ಗಳಲ್ಲಿ ಹೇಳಿಕೊಳ್ಳುವ ಒತ್ತಡವೇ ಇರುವುದಿಲ್ಲವಾದ್ದರಿಂದ ಬಿರುಕು ಮುಚ್ಚಿಕೊಂಡಿರುತ್ತದೆ. ಬಾನೆಟ್ ತೆರೆದು ನೋಡಿದ ಮೆಕ್ಯಾನಿಕ್ ‘ಹೋಸ್ ಸರಿಯಾಗಿದೆ’ ಎನ್ನುತ್ತಾರೆ. ಲೋಡ್ ಹಾಕಿ ಏರು ಹತ್ತುವಾಗ ಒತ್ತಡ ಹೆಚ್ಚಿ ಬಿರುಕು ಬಾಯಿ ಬಿಡುತ್ತದೆ, ಸುಯ್ಯೆಂಬ ಸದ್ದಿನೊಂದಿಗೆ ಗಾಳಿ ಸೋರಿ ಹಿಂದೆ ಕಪ್ಪು ಹೊಗೆ ಏಳುತ್ತದೆ. ಹಾಗಾಗಿ ಹೋಸನ್ನು ಇದ್ದಲ್ಲೇ ನೋಡಿ ತೀರ್ಮಾನಿಸಬೇಡಿ. ಎಂಜಿನ್ ಪೂರ್ತಿ ತಣಿದ ಮೇಲೆ ಮೊದಲು ಹೋಸಿನ ಅಡಿಭಾಗದಲ್ಲಿ ಬೆರಳಾಡಿಸಿ: ಒಳಗಿನ ಆಯಿಲ್ ಪಸೆ ಸೋರಿದಲ್ಲಿ ನಮ್ಮ ಕೆಂಪು ಧೂಳು ಮೆತ್ತಿಕೊಂಡು, ಜಿಡ್ಡಿನ ಕೆಸರಾಗಿ ಬೆರಳಿಗೆ ಅಂಟುತ್ತದೆ. ಬಳಿಕ ಕ್ಲಿಪ್ಪುಗಳನ್ನು ಸಡಿಲಿಸಿ ಹೋಸನ್ನು ಹೊರತೆಗೆದು, ಬಿಸಿಲಿಗೆ ಹಿಡಿದು, ಎರಡೂ ಹೆಬ್ಬೆರಳುಗಳಿಂದ ಒತ್ತಿ ಬಾಗಿಸುತ್ತ ಸುತ್ತಲೂ ಪರೀಕ್ಷಿಸಿ. ಬಿರುಕಿದ್ದರೆ ರಬ್ಬರ್ ಬಿರಿದು ಒಳಗಿನ ಬಟ್ಟೆಯ ನೂಲು ಕಾಣಿಸುತ್ತದೆ. ತಿರುವು, ಕ್ಲಿಪ್ಪಿನ ಅಂಚು ಮತ್ತು ಬ್ರಾಕೆಟಿಗೆ ಉಜ್ಜುವ ಜಾಗ, ಈ ಮೂರನ್ನು ವಿಶೇಷವಾಗಿ ನೋಡಬೇಕು. ಒಳಗೆ ತೆಳ್ಳಗೆ ಆಯಿಲ್ ಇರುವುದು ಸಹಜ, ಮಡುಗಟ್ಟಿ ನಿಂತಿದ್ದರೆ ಟರ್ಬೊದ ಸೀಲನ್ನು ಸಂಶಯಿಸಬೇಕು.

ಹೋಸ್ ಸರಿಯಿದ್ದೂ ಸಂಶಯ ಹೋಗದಿದ್ದರೆ, ಅದನ್ನು ಮರಳಿ ಜೋಡಿಸಿ, ಟರ್ಬೊದ ಗಾಳಿ ಸೇರುವ ಬಾಯಿಗೆ ಟೈರಿನ ವಾಲ್ವ್ ಕೂರಿಸಿದ ಮುಚ್ಚಳ ಬಿಗಿದು, ರೆಗ್ಯುಲೇಟರ್ ಇರುವ ಕಂಪ್ರೆಸರಿನಿಂದ 10 ಪಿಎಸ್‌ಐ ಮೀರದಂತೆ ಗಾಳಿ ಬಿಟ್ಟು, ಎಲ್ಲ ಸಂಧುಗಳಿಗೂ ಸೋಪಿನ ನೀರು ಹಚ್ಚಿಸಿ. ಇಂಟರ್‌ಕೂಲರಿನ ಪ್ಲಾಸ್ಟಿಕ್ ತುದಿ ಅಲ್ಯೂಮಿನಿಯಮ್ಮಿಗೆ ಕೂಡುವ ಅಂಚನ್ನು ಮರೆಯಬೇಡಿ. ಎಂಜಿನ್ನಿನ ಒಳಗಿನಿಂದ ಸ್ವಲ್ಪ ಗಾಳಿ ಹೋಗುವ ಸದ್ದು ಕೇಳಿದರೆ ಗಾಬರಿ ಬೇಡ, ಗುಳ್ಳೆ ಎಲ್ಲಿ ಏಳುತ್ತದೆ ಎಂಬುದು ಮುಖ್ಯ. ಮುಚ್ಚಳ ಸಿಡಿಯಬಹುದಾದ್ದರಿಂದ ಅದರ ಎದುರಿಗೆ ಯಾರೂ ನಿಲ್ಲಬಾರದು. ಪಂಕ್ಚರ್ ಅಂಗಡಿಯ ಗಾಳಿಯನ್ನು ನೇರವಾಗಿ ಬಿಡುವ ಸಾಹಸ ಬೇಡ.

ಒಡೆದ ಹೋಸಿಗೆ ಟೇಪ್, ಸೈಕಲ್ ಟ್ಯೂಬ್ ಸುತ್ತಿದರೆ ಆಯಿಲ್ ಮತ್ತು ಬಿಸಿಗೆ ಅಂಟು ಬಿಟ್ಟು, ಮುಂದಿನ ಏರಿನಲ್ಲೇ ಮತ್ತದೇ ಪಾಡು. ಹೊಸದನ್ನೇ ಹಾಕಿ, ಅದೂ ಕಂಪನಿಯದ್ದನ್ನೇ. ಹೆಸರಿಲ್ಲದ ಅಗ್ಗದ ಹೋಸ್‌ಗಳಲ್ಲಿ ಬಟ್ಟೆಯ ಪದರ ತೆಳುವಾಗಿದ್ದು, ಲೋಡಿನಲ್ಲಿ ಬಲೂನಿನಂತೆ ಉಬ್ಬುವುದನ್ನು ಕಂಡಿದ್ದೇನೆ. ಕ್ಲಿಪ್ ಅಗಲವಾದದ್ದು, ಬೋಲ್ಟ್ ಇರುವಂಥದ್ದು ಇರಲಿ.

ಇಷ್ಟಾದರೂ ಪುಲ್ಲಿಂಗ್ ಬಾರದಿದ್ದರೆ, ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಅದಕ್ಕೆ ಮೊದಲು ಬ್ಯಾಟರಿ ಕಳಚಬೇಡಿ; ಉಳಿದಿರಬೇಕಾದ ಕೋಡ್ ಅಳಿಸಿಹೋಗಬಹುದು. ಪಿ 0299 ಬಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ, ಪಿ 0087 ಬಂದರೆ ರೈಲಿನಲ್ಲಿ ಡೀಸೆಲ್ ಒತ್ತಡ ಸಾಲುತ್ತಿಲ್ಲ. ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದಿದ್ದರೆ ತೆಗೆದು ಶುಚಿ ಮಾಡಿಸಿ. ತಗಡು ಅಡ್ಡವಿಟ್ಟು ಮುಚ್ಚುವ ಅಡ್ಡದಾರಿ ಹಿಡಿದರೆ ಹೊಗೆಯ ವಿಷ ಹೆಚ್ಚುತ್ತದೆ, 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಲ್ಲಿ ಎಂಜಿನ್ ದೀಪವೂ ಹೊತ್ತಿಕೊಳ್ಳುತ್ತದೆ. ಇಂಜೆಕ್ಟರ್ ಬಿಚ್ಚಿಸುವುದೇ ಆದರೆ, ಟೆಸ್ಟ್ ಬೆಂಚಿನ ಅಳತೆಯನ್ನು ರಿಪೇರಿಗೆ ಮೊದಲು ಒಮ್ಮೆ, ಆದ ಮೇಲೆ ಇನ್ನೊಮ್ಮೆ ಬರೆದು ಕೊಡುವ ಅಂಗಡಿಗೇ ಕೊಡಿ.