ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ: ಹೊಟ್ಟೆಯ ಮಾತ್ರೆಗಳ ಲೆಕ್ಕ

ಊರಿಂದ ತಂದ ಪ್ಯಾನ್ 40 ಸ್ಟ್ರಿಪ್ ಮುಗಿದಾಗಲೇ ಬಹಳ ಜನ ಇಲ್ಲಿನ ಫಾರ್ಮಸಿಯ ಬಾಗಿಲು ನೋಡುವುದು. ಖಾಲಿ ಸ್ಟ್ರಿಪ್ ತೋರಿಸಿ "ಇದೇ ಕೊಡಿ" ಎಂದರೆ ಕೊಡುವುದಿಲ್ಲ. ಅದರೊಳಗಿನ ಪ್ಯಾಂಟೊಪ್ರಜೋಲ್ ಇಲ್ಲಿ ಡಾಕ್ಟರ ಚೀಟಿಗೆ ಮಾತ್ರ. ಆದರೆ ಅದೇ ಜಾತಿಯ ಒಮೆಪ್ರಜೋಲ್ 20 ಮಿ.ಗ್ರಾಂ. ಮಾತ್ರೆ ಅದೇ ಅಂಗಡಿಯಲ್ಲಿ ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದು. ಆದ್ದರಿಂದ ಊರಿನ ಬ್ರ್ಯಾಂಡ್ ಹೆಸರು ಬಿಟ್ಟು, ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಕಲಿಯಿರಿ. ಈ ದೇಶದಲ್ಲಿ ಕೆಲಸಕ್ಕೆ ಬರುವುದು ಅದೇ. ಅಂಗಡಿಯ ಸ್ವಂತ ಬ್ರ್ಯಾಂಡ್, ಅಂದರೆ ವಾಲ್‌ಮಾರ್ಟಿನ ಈಕ್ವೇಟ್, ಕಾಸ್ಟ್‌ಕೋದ ಕಿರ್ಕ್‌ಲೆಂಡ್ ಇಂಥವುಗಳಲ್ಲೂ ಅದೇ ಔಷಧ ಅದೇ ಪ್ರಮಾಣದಲ್ಲಿರುತ್ತದೆ, ಬೆಲೆ ಎಷ್ಟೋ ಕಡಿಮೆ. ಎಚ್‌ಎಸ್‌ಎ ಅಥವಾ ಎಫ್‌ಎಸ್‌ಎ ಕಾರ್ಡ್ (ಆರೋಗ್ಯದ ಖರ್ಚಿಗೆಂದು ತೆರಿಗೆಯಿಲ್ಲದೆ ತೆಗೆದಿಟ್ಟ ಹಣದ ಕಾರ್ಡ್) ಇದ್ದರೆ ಅದರಿಂದಲೇ ಕೊಡಿ. 2020ರಿಂದ ಇದಕ್ಕೆ ಚೀಟಿ ಬೇಕಿಲ್ಲ.

ಡಬ್ಬಿಯ ಹಿಂಬದಿ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. "ಡ್ರಗ್ ಫ್ಯಾಕ್ಟ್ಸ್" ಎಂದಿದ್ದರೆ ಅದು ಇಲ್ಲಿನ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ನಿಯಮಕ್ಕೆ ಒಳಪಟ್ಟ ಔಷಧಿ. ಏನಿದೆ, ಎಷ್ಟಿದೆ, ಯಾರು ತೆಗೆದುಕೊಳ್ಳಬಾರದು ಎಲ್ಲ ಅಲ್ಲೇ ಇರುತ್ತದೆ. "ಸಪ್ಲಿಮೆಂಟ್ ಫ್ಯಾಕ್ಟ್ಸ್" ಎಂದಿದ್ದರೆ ಮಾರಾಟಕ್ಕೆ ಮುಂಚೆ ಅದನ್ನು ಎಫ್‌ಡಿಎ ಪರೀಕ್ಷಿಸಿ ಒಪ್ಪಿಲ್ಲ ಎಂದರ್ಥ. ತ್ರಿಫಲಾ, ಪ್ರೊಬಯಾಟಿಕ್, ಜೀರ್ಣದ ಎನ್‌ಜೈಮ್ ಮಾತ್ರೆಗಳೆಲ್ಲ ಈ ಎರಡನೆಯ ಗುಂಪಿನವು. ಎರಡೂ ಒಂದೇ ಸಾಲಿನ ಶೆಲ್ಫಿನಲ್ಲಿ ಪಕ್ಕಪಕ್ಕ ಇರುತ್ತವೆ.

ಎದೆಯುರಿ, ಹುಳಿತೇಗು

ಅಪರೂಪಕ್ಕೆ ಬರುವ ಉರಿಗೆ ಟಮ್ಸ್ ಸಾಕು. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಅಗಿದು ನುಂಗುವುದು. ಊರಿನ ಡೈಜೀನ್, ಜೆಲುಸಿಲ್ ಬಾಟಲಿಗೆ ಇಲ್ಲಿ ಹತ್ತಿರದ್ದು ಮೈಲಾಂಟಾ. ಈನೋ ಸಿಗಲಿಲ್ಲವೆಂದು ನೀರಲ್ಲಿ ನೊರೆಯುಕ್ಕುವ ಆಲ್ಕಾ-ಸೆಲ್ಟ್ಜರ್ ಕೊಳ್ಳುವವರು ಒಂದು ಮಾತು ತಿಳಿದಿರಬೇಕು: ಅದರ ಮೂಲ ಮಾದರಿಯ ಪ್ರತಿ ಮಾತ್ರೆಯಲ್ಲಿ 325 ಮಿ.ಗ್ರಾಂ. ಆಸ್ಪಿರಿನ್ ಇದೆ. ಹುಣ್ಣಿರುವ ಹೊಟ್ಟೆಗೆ ಅದು ರಕ್ತಸ್ರಾವ ತರಬಲ್ಲದು. ಇನ್ನು ಗ್ಯಾಸ್-ಎಕ್ಸ್ ಡಬ್ಬಿಯಲ್ಲಿರುವುದು ಸಿಮೆಥಿಕೋನ್. ಅದು ಹೊಟ್ಟೆಯುಬ್ಬರಕ್ಕೆ, ಆಮ್ಲಕ್ಕಲ್ಲ. ಎದೆಯುರಿಗೆ ಅದನ್ನು ಎಷ್ಟು ನುಂಗಿದರೂ ಪ್ರಯೋಜನವಿಲ್ಲ.

ಮಸಾಲೆ ಊಟಕ್ಕೆ ಮುಂಚೆಯೇ ತಡೆಯಬೇಕೆಂದರೆ ಫೆಮೋಟಿಡಿನ್ ಒಳ್ಳೆಯದು, ಪೆಪ್ಸಿಡ್ ಎಸಿ ಹೆಸರಿನದು. 10 ಅಥವಾ 20 ಮಿ.ಗ್ರಾಂ., ಊಟಕ್ಕೆ 15ರಿಂದ 60 ನಿಮಿಷ ಮೊದಲು, ದಿನಕ್ಕೆ ಎರಡಕ್ಕಿಂತ ಹೆಚ್ಚಿಲ್ಲ. ಮೂತ್ರಪಿಂಡದ ತೊಂದರೆ ಇದ್ದವರು ಕೇಳಿಯೇ ತೆಗೆದುಕೊಳ್ಳಬೇಕು. ನಮ್ಮ ಮನೆಮನೆಯ ರಾಂಟ್ಯಾಕ್, ಅಸಿಲಾಕ್‌ಗಳಲ್ಲಿರುವ ರಾನಿಟಿಡಿನ್ ಅನ್ನು 2020ರ ಏಪ್ರಿಲ್‌ನಲ್ಲಿ ಎಫ್‌ಡಿಎ ಮಾರುಕಟ್ಟೆಯಿಂದ ತೆಗೆಸಿತು. ಇಟ್ಟಷ್ಟು ದಿನ, ಅದರಲ್ಲೂ ಬಿಸಿಯಲ್ಲಿ ಇಟ್ಟರೆ, ಅದರಲ್ಲಿ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕ ಹೆಚ್ಚುತ್ತದೆಂಬುದು ಕಾರಣ. ಆ ಮೇಲೆ ಬಂದ ಝಾಂಟ್ಯಾಕ್ 360 ಡಬ್ಬಿಯಲ್ಲಿರುವುದು ಕೂಡ ಫೆಮೋಟಿಡಿನ್ನೇ.

ವಾರಕ್ಕೆ ಎರಡು ದಿನ ಅಥವಾ ಹೆಚ್ಚು ಉರಿ ಬರುವವರಿಗೆ ಒಮೆಪ್ರಜೋಲ್, ಅಂದರೆ ಪ್ರಿಲೋಸೆಕ್ ಓಟಿಸಿ. ಇದು ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ತಪ್ಪು ಹೊತ್ತಿನಲ್ಲಿ ತೆಗೆದುಕೊಂಡಿರುತ್ತಾರೆ. ಆಮ್ಲ ಹೊರಹಾಕುವ ಪಂಪುಗಳು ಊಟಕ್ಕೆ ಚುರುಕಾಗುವ ಹೊತ್ತಿಗೆ ಔಷಧ ರಕ್ತದಲ್ಲಿರಬೇಕು. ಹಾಗಾಗಿ ಬೆಳಗಿನ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ಒಂದು ಲೋಟ ನೀರಿನ ಜೊತೆ ಇಡಿಯಾಗಿ ನುಂಗಿ. ಪುಡಿ ಮಾಡಿದರೆ ಹೊರಪದರ ಒಡೆದು ಹೊಟ್ಟೆಯ ಆಮ್ಲದಲ್ಲೇ ಔಷಧ ಹಾಳಾಗುತ್ತದೆ. ಪೂರ್ತಿ ಗುಣ ಕಾಣಲು ಒಂದರಿಂದ ನಾಲ್ಕು ದಿನ ಬೇಕು. ಚೀಟಿಯಿಲ್ಲದೆ 14 ದಿನದ ಒಂದು ಸುತ್ತು, ಮುಂದಿನದು ನಾಲ್ಕು ತಿಂಗಳ ಮೇಲೆ. ಊರಲ್ಲಿ ವರ್ಷಗಟ್ಟಲೆ ನುಂಗುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಜೋರಾಗಿ ಏಳಬಹುದು. ಅದನ್ನು ಕಾಯಿಲೆ ಹೆಚ್ಚಾಯಿತೆಂದು ತಿಳಿದು ಮತ್ತೆ ಶುರು ಮಾಡುತ್ತಾರೆ. ಡಾಕ್ಟರ ಜೊತೆ ಮಾತಾಡಿ ನಿಧಾನ ಇಳಿಸಿ.

ಉರಿ ಮರಳಿ ಮರಳಿ ಬಂದರೆ ಎಚ್. ಪೈಲೋರಿ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ. ಈ ಬ್ಯಾಕ್ಟೀರಿಯಾ ಭಾರತದಲ್ಲಿ ಬೆಳೆದವರಲ್ಲಿ ಸಾಮಾನ್ಯ. ಉಸಿರಿನ ಅಥವಾ ಮಲದ ಪರೀಕ್ಷೆಗೆ ಎರಡು ವಾರ ಮುಂಚೆ ಒಮೆಪ್ರಜೋಲ್ ಜಾತಿಯ ಮಾತ್ರೆಗಳನ್ನೂ ನಾಲ್ಕು ವಾರ ಮುಂಚೆ ಆಂಟಿಬಯಾಟಿಕ್ ಮತ್ತು ಬಿಸ್ಮತ್ತನ್ನೂ (ಪೆಪ್ಟೊ-ಬಿಸ್ಮಾಲ್‌ನಲ್ಲಿರುವ ಔಷಧ) ನಿಲ್ಲಿಸಿರಬೇಕು, ಇಲ್ಲವಾದರೆ ಸೋಂಕಿದ್ದರೂ ಇಲ್ಲವೆಂದು ಬರುತ್ತದೆ. ಚಿಕಿತ್ಸೆ ಸಾಮಾನ್ಯವಾಗಿ 14 ದಿನ, ಹಲವು ಮಾತ್ರೆ ಒಟ್ಟಿಗೆ. ನಡುವೆ ಬಿಟ್ಟರೆ ಬ್ಯಾಕ್ಟೀರಿಯಾ ಔಷಧಿಗೆ ಜಗ್ಗದಂತಾಗುತ್ತದೆ. ಮುಗಿದು ನಾಲ್ಕು ವಾರವಾದ ಮೇಲೆ ಹೋಗಿದೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಲೇಬೇಕು.

ಅಪ್ಪ ಅಮ್ಮ ಬಂದಾಗ

ಹೆಚ್ಚು ಅಪಾಯ ಇಲ್ಲಿದೆ. ಸ್ಟೆಂಟ್ ಹಾಕಿಸಿಕೊಂಡ ಅಪ್ಪ ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಿರುತ್ತಾರೆ, ಜೊತೆಗೆ ಪ್ಯಾನ್ 40. ಪ್ಯಾನ್ ಮುಗಿಯಿತೆಂದು ಮಗ ಒಮೆಪ್ರಜೋಲ್ ತಂದುಕೊಡುತ್ತಾನೆ. ಕ್ಲೋಪಿಡೋಗ್ರೆಲ್ ಕೆಲಸ ಮಾಡಬೇಕಾದರೆ ಯಕೃತ್ತಿನ ಒಂದು ಕಿಣ್ವ ಅದನ್ನು ಮೊದಲು ಬದಲಿಸಬೇಕು. ಒಮೆಪ್ರಜೋಲ್ ಮತ್ತು ಅದರದೇ ಜಾತಿಯ ಎಸೊಮೆಪ್ರಜೋಲ್ ಅದೇ ಕಿಣ್ವವನ್ನು ತಡೆಯುತ್ತವೆ. ರಕ್ತ ಹೆಪ್ಪುಗಟ್ಟದಂತೆ ಕಾಯುವ ಮಾತ್ರೆಯ ಬಲ ಕುಗ್ಗುತ್ತದೆ. ಈ ಜೋಡಿ ಬೇಡವೆಂದು ಎಫ್‌ಡಿಎ ಸ್ಪಷ್ಟವಾಗಿ ಹೇಳಿದೆ. ಪ್ಯಾಂಟೊಪ್ರಜೋಲ್‌ನಲ್ಲಿ ಈ ತೊಂದರೆ ಕಡಿಮೆ. ಇಂಥ ಮನೆಯಲ್ಲಿ ಮಾತ್ರೆ ಬದಲಿಸದೆ ಟೆಲಿಹೆಲ್ತ್ (ಫೋನ್ ಅಥವಾ ವಿಡಿಯೊದಲ್ಲಿ ನೋಡುವ) ಡಾಕ್ಟರಿಂದ ಪ್ಯಾಂಟೊಪ್ರಜೋಲ್‌ಗೇ ಚೀಟಿ ಬರೆಸಿಕೊಳ್ಳಿ.

ಅಮ್ಮ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದಕ್ಕೂ ಟಮ್ಸ್‌ಗೂ ನಡುವೆ ನಾಲ್ಕು ಗಂಟೆ ಅಂತರವಿರಲಿ. ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ.

ಪ್ಯಾನ್-ಡಿ, ಡಾಮ್‌ಸ್ಟಾಲ್‌ಗಳಲ್ಲಿರುವ ಡಾಂಪೆರಿಡೋನ್‌ಗೆ ಅಮೆರಿಕದಲ್ಲಿ ಅನುಮೋದನೆಯೇ ಇಲ್ಲ. ಹೃದಯಬಡಿತದ ಲಯ ತಪ್ಪಿಸುವ ಅಪಾಯ ಅದಕ್ಕಿದೆ. ಇಲ್ಲಿ ಯಾವ ಫಾರ್ಮಸಿಯಲ್ಲೂ ಬದಲಿ ಡಬ್ಬಿ ಹುಡುಕಬೇಡಿ. ಬರೀ ಪ್ಯಾನ್ 40 ಸಾಕಾಗುತ್ತದೆಯೇ ಎಂದು ಹೊರಡುವ ಮೊದಲೇ ಊರಿನ ಡಾಕ್ಟರನ್ನು ಕೇಳಿಸಿ. ತರುವ ಮಾತ್ರೆಗಳು ಮೂಲ ಸ್ಟ್ರಿಪ್ಪಿನಲ್ಲೇ ಇರಲಿ, ಔಷಧದ ಹೆಸರು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದ ಚೀಟಿ ಜೊತೆಗಿರಲಿ, ಮೂರು ತಿಂಗಳಿಗಾಗುವಷ್ಟನ್ನು ಮೀರದಿರಲಿ. ಕೈಚೀಲದಲ್ಲೇ ಇಡಿ. ಆಮೇಲೆ ಕೊರಿಯರಿನಲ್ಲಿ ತರಿಸುತ್ತೇವೆ ಎಂದುಕೊಳ್ಳಬೇಡಿ, ಕಸ್ಟಮ್ಸ್‌ನಲ್ಲಿ ತಡೆಯುತ್ತಾರೆ.

ಭೇದಿ, ವಾಂತಿ, ಹೊಟ್ಟೆನೋವು

ಮೊದಲು ನೀರು, ಆಮೇಲೆ ಮಾತ್ರೆ. ಎಲೆಕ್ಟ್ರಾಲ್ ತಂದಿದ್ದರೆ 21.8 ಗ್ರಾಂ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಸುರಿಯಿರಿ. ಅಂದಾಜಿನಲ್ಲಿ ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕಿದರೆ ದ್ರಾವಣ ಗಟ್ಟಿಯಾಗಿ ಕರುಳಿನೊಳಕ್ಕೆ ಮೈಯ ನೀರನ್ನೇ ಎಳೆದು ಭೇದಿ ಹೆಚ್ಚುತ್ತದೆ. 24 ಗಂಟೆಯ ಮೇಲೆ ಉಳಿದದ್ದು ಚೆಲ್ಲಿ. ಇಲ್ಲಿ ಸಿಗುವುದು ಪೀಡಿಯಾಲೈಟ್. ಗೇಟೊರೇಡ್ ಅದಕ್ಕೆ ಸಮನಲ್ಲ, ಸಕ್ಕರೆ ಹೆಚ್ಚು ಉಪ್ಪು ಕಡಿಮೆ. ನಡುರಾತ್ರಿ ಏನೂ ಇಲ್ಲವೆಂದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ದೊಡ್ಡವರಿಗೆ ಲೊಪೆರಮೈಡ್, ಇಮೋಡಿಯಂ ಹೆಸರಿನದು: ಮೊದಲು 4 ಮಿ.ಗ್ರಾಂ., ನಂತರ ಪ್ರತಿ ಭೇದಿಗೆ 2 ಮಿ.ಗ್ರಾಂ., ದಿನಕ್ಕೆ 8 ಮಿ.ಗ್ರಾಂ. ಮೀರದಂತೆ, ಎರಡು ದಿನ ಮಾತ್ರ. ಮಲದಲ್ಲಿ ರಕ್ತ ಅಥವಾ ಜ್ವರ ಇದ್ದರೆ ಮುಟ್ಟಬೇಡಿ. ಹೊರಗೆ ಹೋಗಬೇಕಾದ ಸೋಂಕು ಕರುಳಲ್ಲೇ ಉಳಿಯುತ್ತದೆ. ಮಕ್ಕಳಿಗೆ ಡಾಕ್ಟರು ಹೇಳದೆ ಕೊಡಬೇಡಿ. ಗುಲಾಬಿ ಬಣ್ಣದ ಪೆಪ್ಟೊ-ಬಿಸ್ಮಾಲ್ 12 ವರ್ಷದೊಳಗಿನವರಿಗಲ್ಲ, ಆಸ್ಪಿರಿನ್ ಆಗದವರಿಗೂ ರಕ್ತ ತೆಳುವಾಗಿಸುವ ಮಾತ್ರೆಯವರಿಗೂ ಅಲ್ಲ. ಅದನ್ನು ಕುಡಿದಾಗ ನಾಲಿಗೆ, ಮಲ ಕಪ್ಪಾಗುವುದು ಸಹಜ.

ನಾರ್‌ಫ್ಲಾಕ್ಸ್-ಟಿಜೆಡ್‌ನಂಥದ್ದು ಇಲ್ಲಿ ಸಿಗುವುದಿಲ್ಲ, ನುಂಗುವ ಯಾವ ಆಂಟಿಬಯಾಟಿಕ್ಕೂ ಚೀಟಿಯಿಲ್ಲದೆ ಸಿಗುವುದಿಲ್ಲ. ಹಿಂದಿನ ಸಲ ಉಳಿದದ್ದನ್ನು ನುಂಗಬೇಡಿ. ವಾಂತಿಯ ಎಮೆಸೆಟ್‌ನ ಒಂಡಾನ್‌ಸೆಟ್ರಾನ್, ಹೊಟ್ಟೆ ಸೆಳೆತದ ಸೈಕ್ಲೊಪಾಮ್‌ನ ಡೈಸೈಕ್ಲೊಮಿನ್ ಎರಡಕ್ಕೂ ಚೀಟಿ ಬೇಕು.

ಮಲಬದ್ಧತೆ

ಇಸಬ್ಗೋಲ್ ಇಲ್ಲಿನ ಮೆಟಮ್ಯೂಸಿಲ್. ಎರಡೂ ಸಿಲಿಯಂ ಬೀಜದ ಹೊಟ್ಟು. ಕನಿಷ್ಠ 240 ಮಿ.ಲೀ. ನೀರಿನ ಜೊತೆ ಕಲಸಿದ ಕೂಡಲೇ ಕುಡಿಯಿರಿ, ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿ ಕಟ್ಟಿಕೊಳ್ಳುತ್ತದೆ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ. ಅದಕ್ಕೂ ಬಗ್ಗದಿದ್ದರೆ ಮಿರಾಲ್ಯಾಕ್ಸ್ ಪುಡಿ 17 ಗ್ರಾಂ, ಮುಚ್ಚಳದೊಳಗಿನ ಗೆರೆಯವರೆಗೆ, ದಿನಕ್ಕೊಮ್ಮೆ. ಕೆಲಸ ಮಾಡಲು ಒಂದರಿಂದ ಮೂರು ದಿನ ಹಿಡಿಯುತ್ತದೆ, ಮೊದಲ ದಿನವೇ ಪ್ರಮಾಣ ಏರಿಸಬೇಡಿ. ಏಳು ದಿನ ದಾಟಿದರೆ ಡಾಕ್ಟರನ್ನು ನೋಡಿ.

ಅಂಗಡಿಗೆ ಹೋಗಬಾರದ ಹೊತ್ತು

ಬಿಸ್ಮತ್ ಅಥವಾ ಕಬ್ಬಿಣದ ಮಾತ್ರೆ ತೆಗೆದುಕೊಳ್ಳದೆಯೂ ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥದ್ದು ಕಂಡರೆ, ಎದೆಯುರಿಯ ಜೊತೆ ಬೆವರು ಬಂದು ನೋವು ತೋಳಿಗೋ ದವಡೆಗೋ ಇಳಿದರೆ 911ಕ್ಕೆ ಕರೆ ಮಾಡಿ. "ಬರೀ ಗ್ಯಾಸ್ಟ್ರಿಕ್ಕು" ಎಂದು ಅಪ್ಪ ಎಷ್ಟೇ ಹೇಳಲಿ, ಕರೆ ಮಾಡಿ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಆ ವಾರವೇ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಮಗು ಯಾರದೋ ಮಾತ್ರೆ ನುಂಗಿ, ಎಚ್ಚರವಾಗಿ ಆರಾಮವಾಗಿದ್ದರೆ ಪಾಯ್ಸನ್ ಹೆಲ್ಪ್ 1-800-222-1222. ಹಗಲೂ ರಾತ್ರಿ ಇರುತ್ತಾರೆ, ದುಡ್ಡಿಲ್ಲ. ಕರೆ ಮಾಡುವಾಗ ಸ್ಟ್ರಿಪ್ ಕೈಯಲ್ಲಿರಲಿ. ಮೊದಲು ಕೇಳುವುದು ಮಗುವಿನ ವಯಸ್ಸು, ತೂಕ, ಔಷಧದ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬುದನ್ನು.